ಜರ್ಮನಿಯಲ್ಲಿ ಕೆಲಸ: ಯಾರಿಗೆ ಯಾವ ವೀಸಾ?

ಅಮೆರಿಕ ಸರ್ಕಾರವು 2025ರ ಸೆಪ್ಟೆಂಬರಿನಲ್ಲಿ ಹೊಸ ಎಚ್-1ಬಿ ಉದ್ಯೋಗ ವೀಸಾದ ಅರ್ಜಿಗಳ ಮೇಲೆ ಒಂದು ಲಕ್ಷ ಡಾಲರ್ ಶುಲ್ಕ ಹೇರಿದ ಮೇಲೆ ಈ ಅಂಕಣಕ್ಕೆ ಬರುವ ಪತ್ರಗಳ ದಿಕ್ಕೇ ಬದಲಾಗಿದೆ. ಈಗ ಹೆಚ್ಚಿನವರು ಕೇಳುವುದು ಜರ್ಮನಿಯ ಬಗ್ಗೆ. ಭಾರತದ ಕುಶಲ ಕೆಲಸಗಾರರಿಗೆ ವರ್ಷಕ್ಕೆ ಕೊಡುವ ವೀಸಾಗಳನ್ನು 20,000ದಿಂದ 90,000ಕ್ಕೆ ಏರಿಸುವುದಾಗಿ ಆ ದೇಶವು 2024ರ ಅಕ್ಟೋಬರಿನಲ್ಲಿ ಪ್ರಕಟಿಸಿದ್ದೂ ಇದಕ್ಕೆ ಕಾರಣವಿರಬಹುದು. ಕೆಳಗಿನ ಉತ್ತರಗಳಲ್ಲಿ ಬರುವ ಸಂಬಳ ಮತ್ತು ಠೇವಣಿಯ ಅಂಕಿಗಳು 2025ನೇ ಸಾಲಿನವು. ಸಂಬಳದ ಮಿತಿಗಳು ಪ್ರತಿ ಜನವರಿಯಲ್ಲಿ ಬದಲಾಗುತ್ತವೆ ಎಂಬುದನ್ನು ಓದುಗರು ಮರೆಯಬಾರದು.

ಪ್ರಶ್ನೆ: ನನಗೆ 33 ವರ್ಷ. ಮೆಕ್ಯಾನಿಕಲ್ ಬಿ.ಇ. ಮುಗಿಸಿ ಆರು ವರ್ಷಗಳಿಂದ ಕಾರ್ಖಾನೆಯೊಂದರಲ್ಲಿ ವಿನ್ಯಾಸ ಎಂಜಿನಿಯರ್ ಆಗಿದ್ದೇನೆ. ಜರ್ಮನ್ ಭಾಷೆಯಲ್ಲಿ ಮೊದಲ ಹಂತವಾದ ಎ1 ಪರೀಕ್ಷೆ ಪಾಸಾಗಿದೆ. ‘ಆಪರ್ಚುನಿಟಿ ಕಾರ್ಡ್’ಗೆ ಆರು ಅಂಕ ಬೇಕಂತೆ. ನನಗೆ ಅಷ್ಟು ಅಂಕ ಸಿಗುತ್ತದೆಯೇ? — ಹುಬ್ಬಳ್ಳಿಯ ಓದುಗರು

ಉತ್ತರ: ಸಿಗುತ್ತದೆ. ಆದರೆ ನಿಮಗೆ ಅಂಕಗಳ ಗೊಡವೆಯೇ ಬೇಕಾಗದಿರಬಹುದು, ಅದನ್ನು ಮೊದಲು ನೋಡೋಣ. ಜರ್ಮನರು ‘ಷಾನ್ಸೆನ್‌ಕಾರ್ಟೆ’ ಎಂದು ಕರೆಯುವ ಈ ಕಾರ್ಡ್ 2024ರ ಜೂನ್ 1ರಿಂದ ಜಾರಿಯಲ್ಲಿದೆ. ಕೈಯಲ್ಲಿ ಉದ್ಯೋಗಪತ್ರವಿಲ್ಲದಿದ್ದರೂ ಜರ್ಮನಿಗೆ ಹೋಗಿ ಗರಿಷ್ಠ ಒಂದು ವರ್ಷ ಕೆಲಸ ಹುಡುಕಲು ಇದು ಅವಕಾಶ ಕೊಡುತ್ತದೆ. ಇದನ್ನು ಪಡೆಯಲು ಎರಡು ದಾರಿಗಳಿವೆ. ನಿಮ್ಮ ಪದವಿಯು ಜರ್ಮನ್ ಪದವಿಗೆ ಪೂರ್ತಿ ಸಮವೆಂದು ಮಾನ್ಯವಾಗಿದ್ದರೆ ನೀವು ನೇರವಾಗಿ ಕುಶಲ ಕೆಲಸಗಾರರ ಸಾಲಿಗೆ ಸೇರುತ್ತೀರಿ, ಒಂದು ಅಂಕವನ್ನೂ ಎಣಿಸಬೇಕಾಗಿಲ್ಲ. ಹಾಗೆ ಮಾನ್ಯತೆ ಇಲ್ಲದವರಿಗಷ್ಟೇ ಅಂಕಗಳ ಲೆಕ್ಕ. ನಮ್ಮವರಲ್ಲಿ ಬಹಳ ಮಂದಿ ಮೊದಲನೆಯ ದಾರಿ ತೆರೆದಿದೆಯೇ ಎಂದು ನೋಡುವ ಮೊದಲೇ ಎರಡನೆಯದರಲ್ಲಿ ಕೂಡಿಸಿ ಕಳೆದು ಕೂರುತ್ತಾರೆ.

ಆದ್ದರಿಂದ ‘ಅನಾಬಿನ್’ ಎಂಬ ಜರ್ಮನ್ ಸರ್ಕಾರಿ ದತ್ತಾಂಶದಲ್ಲಿ ನಿಮ್ಮ ವಿಶ್ವವಿದ್ಯಾಲಯವನ್ನು ಹುಡುಕಿರಿ. ಕಾಲೇಜಿನ ಹೆಸರಲ್ಲ, ಪದವಿ ಪ್ರಮಾಣಪತ್ರದ ಮೇಲೆ ಯಾವ ವಿಶ್ವವಿದ್ಯಾಲಯದ ಮುದ್ರೆಯಿದೆಯೋ ಅದರ ಹೆಸರು. ಅದರ ಮುಂದೆ ಮಾನ್ಯತೆಯನ್ನು ಸೂಚಿಸುವ ‘ಎಚ್ ಪ್ಲಸ್’ ಎಂಬ ಗುರುತಿದ್ದು, ನಿಮ್ಮ ಪದವಿಯೂ ಸಮಾನವೆಂದು ಅಲ್ಲೇ ನಮೂದಾಗಿದ್ದರೆ ಆ ಪುಟಗಳ ಮುದ್ರಿತ ಪ್ರತಿಯೇ ಸಾಕಾಗುತ್ತದೆ. ನಮೂದಿಲ್ಲದಿದ್ದರೆ ಜ್ಯಾಬ್ ಎಂಬ ಕೇಂದ್ರ ಸಂಸ್ಥೆಗೆ 208 ಯೂರೋ ಕಟ್ಟಿ ತುಲನಾ ಪ್ರಮಾಣಪತ್ರ ತರಿಸಿಕೊಳ್ಳಬಹುದು.

ಇನ್ನು ನೀವು ಕೇಳಿದ ಲೆಕ್ಕ. ವಯಸ್ಸು 35 ದಾಟದಿರುವುದಕ್ಕೆ 2 ಅಂಕ. ಕಳೆದ ಏಳು ವರ್ಷಗಳಲ್ಲಿ ಕನಿಷ್ಠ ಐದು ವರ್ಷ ನಿಮ್ಮ ವಿದ್ಯೆಗೆ ಸಂಬಂಧಿಸಿದ ಕೆಲಸ ಮಾಡಿರುವುದಕ್ಕೆ 3. ಎಂಜಿನಿಯರಿಂಗ್ ಅಲ್ಲಿ ಜನರ ಕೊರತೆಯಿರುವ ವೃತ್ತಿಗಳ ಪಟ್ಟಿಯಲ್ಲಿರುವುದರಿಂದ 1. ಅಲ್ಲಿಗೆ ಆರಾಯಿತು. ನಿಮ್ಮ ಎ1 ಜರ್ಮನ್‌ಗೆ ಪ್ರತ್ಯೇಕ ಅಂಕವಿಲ್ಲ, ಅದು ಅಂಕದ ದಾರಿಗೆ ಕಾಲಿಡಲು ಬೇಕಾದ ಕನಿಷ್ಠ ಅರ್ಹತೆ ಮಾತ್ರ. ಅದರ ಮುಂದಿನ ಹಂತಗಳಲ್ಲಿ ಎ2 ಮುಗಿಸಿದರೆ 1, ಬಿ1 ಮುಗಿಸಿದರೆ 2, ಬಿ2 ಮುಗಿಸಿದರೆ 3 ಅಂಕ ಸೇರುತ್ತವೆ.

ಆದರೆ ಅಂಕಗಳಿಗಿಂತ ಭಾರವಾದದ್ದು ಹಣದ ಷರತ್ತು. ತಿಂಗಳಿಗೆ 1,091 ಯೂರೋದಂತೆ ಒಂದು ವರ್ಷಕ್ಕೆ 13,092 ಯೂರೋ, ಅಂದರೆ ಸುಮಾರು 13 ಲಕ್ಷ ರೂಪಾಯಿಯನ್ನು ‘ಬ್ಲಾಕ್ಡ್ ಅಕೌಂಟ್’ ಎಂಬ ಖಾತೆಯಲ್ಲಿ ಇಟ್ಟು ತೋರಿಸಬೇಕು. ಅದು ನಿಮ್ಮದೇ ಹಣ, ತಿಂಗಳು ತಿಂಗಳು ನಿಮಗೇ ಮರಳುತ್ತದೆ. ಆದರೂ ವರ್ಷದೊಳಗೆ ಕೆಲಸ ಸಿಗದಿದ್ದರೆ ಕರಗಿ ಹೋಗುವುದೂ ಅದೇ. ಕಾರ್ಡಿನ ಅವಧಿಯಲ್ಲಿ ವಾರಕ್ಕೆ 20 ಗಂಟೆಗಳ ಅರೆಕಾಲಿಕ ಕೆಲಸ ಮಾಡಬಹುದು, ಒಂದು ಕಂಪನಿಯಲ್ಲಿ ಎರಡು ವಾರಗಳವರೆಗೆ ಪ್ರಾಯೋಗಿಕವಾಗಿ ದುಡಿಯಬಹುದು. ಮನೆಯ ಸಾಲ ಮಾಡಿ ಈ ಠೇವಣಿ ಹೊಂದಿಸುವ ಯೋಚನೆಯಿದ್ದರೆ ನನ್ನ ಸಲಹೆ ಬೇರೆ: ನೌಕರಿ ಬಿಡದೆ, ಭಾಷೆಯನ್ನು ಬಿ1ವರೆಗೆ ಕಲಿಯುತ್ತ, ಇಲ್ಲಿಂದಲೇ ಜರ್ಮನ್ ಕಂಪನಿಗಳಿಗೆ ಅರ್ಜಿ ಹಾಕಿ. ಉದ್ಯೋಗಪತ್ರ ಸಿಕ್ಕರೆ ಠೇವಣಿಯೂ ಬೇಡ, ಕಾರ್ಡೂ ಬೇಡ. ನೇರವಾಗಿ ಬ್ಲೂ ಕಾರ್ಡ್ (ಮುಖ್ಯವಾಗಿ ಪದವೀಧರರಿಗೆ, ನಿಗದಿತ ಸಂಬಳದ ಕೆಲಸ ಸಿಕ್ಕಾಗ ಕೊಡುವ ಪರವಾನಗಿ) ಅಥವಾ ಸಾಮಾನ್ಯ ಕುಶಲ ಕೆಲಸಗಾರರ ವೀಸಾ ಪಡೆಯಬಹುದು.

ಪ್ರಶ್ನೆ: ನಾನು ಪಿ.ಯು.ಸಿ. ನಂತರ ಓದು ನಿಲ್ಲಿಸಿ, ಪ್ರೋಗ್ರಾಮಿಂಗ್ ಸ್ವಂತವಾಗಿ ಕಲಿತು ಐದು ವರ್ಷಗಳಿಂದ ಸಾಫ್ಟ್‌ವೇರ್ ಕಂಪನಿಯಲ್ಲಿದ್ದೇನೆ. ಪದವಿ ಇಲ್ಲದವರಿಗೆ ಬ್ಲೂ ಕಾರ್ಡ್ ಸಿಗುವುದಿಲ್ಲ ಎಂದು ಸ್ನೇಹಿತರು ಹೇಳುತ್ತಾರೆ. ನಿಜವೇ? ಪತ್ನಿ ಜೊತೆಗೆ ಬರಬಹುದೇ? — ಬೆಂಗಳೂರಿನ ಓದುಗರು

ಉತ್ತರ: 2023ರ ನವೆಂಬರಿನವರೆಗೆ ನಿಮ್ಮ ಸ್ನೇಹಿತರ ಮಾತು ನಿಜವಾಗಿತ್ತು. ಈಗ ಮಾಹಿತಿ ತಂತ್ರಜ್ಞಾನದವರಿಗೆ ಮಾತ್ರ ವಿನಾಯಿತಿಯಿದೆ. ಕಳೆದ ಏಳು ವರ್ಷಗಳಲ್ಲಿ ಕನಿಷ್ಠ ಮೂರು ವರ್ಷ, ಪದವೀಧರರು ಮಾಡುವ ಮಟ್ಟದ ಕೆಲಸವನ್ನೇ ನೀವು ಮಾಡಿದ್ದೀರಿ ಎಂದು ದಾಖಲೆಯಿಂದ ತೋರಿಸಿದರೆ ಪದವಿ ಕೇಳುವುದಿಲ್ಲ. ‘ಇಂಥವರು ನಮ್ಮಲ್ಲಿ ಕೆಲಸ ಮಾಡಿದ್ದಾರೆ’ ಎಂಬ ಒಂದು ಸಾಲಿನ ಅನುಭವಪತ್ರ ಇದಕ್ಕೆ ಸಾಲದು. ಯಾವ ತಂತ್ರಾಂಶದಲ್ಲಿ, ಯಾವ ಹೊಣೆಗಾರಿಕೆಯೊಂದಿಗೆ, ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ ದುಡಿದಿರಿ ಎಂದು ವಿವರವಾಗಿ ಬರೆಸಿಕೊಳ್ಳಿ. ಕಂಪನಿ ಬಿಟ್ಟ ಮೇಲೆ ಇಂಥ ಪತ್ರಕ್ಕಾಗಿ ಅಲೆದವರ ಕಷ್ಟ ನಮಗೆ ಗೊತ್ತು.

ಜರ್ಮನ್ ಕಂಪನಿ ಕೊಡುವ ವಾರ್ಷಿಕ ಸಂಬಳ ಕನಿಷ್ಠ 43,759.80 ಯೂರೋ ಇರಬೇಕು. ಕೊರತೆಯ ಪಟ್ಟಿಯಲ್ಲಿಲ್ಲದ ವೃತ್ತಿಗಳಿಗೆ ಈ ಮಿತಿ 48,300 ಯೂರೋ. ಪಿಂಚಣಿ ವಂತಿಗೆಯ ಗರಿಷ್ಠ ಮಿತಿಯ ಶೇಕಡಾವಾರು ಲೆಕ್ಕದಿಂದ ಇದು ನಿಗದಿಯಾಗುವುದರಿಂದಲೇ ಇಂಥ ವಿಚಿತ್ರ ಚಿಲ್ಲರೆ. ಎಚ್-1ಬಿಯಲ್ಲಿರುವಂತೆ ಇಲ್ಲಿ ಲಾಟರಿ ಇಲ್ಲ.

ಪತ್ನಿ ಖಂಡಿತ ಬರಬಹುದು. ಬ್ಲೂ ಕಾರ್ಡ್ ಇರುವವರ ಸಂಗಾತಿಗೆ ಜರ್ಮನ್ ಪರೀಕ್ಷೆಯ ಕಡ್ಡಾಯವಿಲ್ಲ, ಅಲ್ಲಿ ಯಾವ ಕೆಲಸಕ್ಕೆ ಬೇಕಾದರೂ ಸೇರಬಹುದು. ನಿಮಗೆ ಎ1 ಮಟ್ಟದ ಜರ್ಮನ್ ಬಂದರೆ 27 ತಿಂಗಳಲ್ಲಿ, ಬಿ1 ಬಂದರೆ 21 ತಿಂಗಳಲ್ಲಿ ಕಾಯಂ ನಿವಾಸದ ಪರವಾನಗಿಗೆ ಅರ್ಜಿ ಹಾಕಬಹುದು. ಐದು ವರ್ಷಗಳ ನಂತರದ ಪೌರತ್ವದ ವಿಚಾರ ಬಂದಾಗ ಮಾತ್ರ ಒಂದು ಎಚ್ಚರ: ಜರ್ಮನಿಯು 2024ರ ಜೂನ್‌ನಿಂದ ಎರಡು ಪೌರತ್ವಗಳನ್ನು ಒಪ್ಪುತ್ತದೆ, ಭಾರತ ಒಪ್ಪುವುದಿಲ್ಲ.

ಪ್ರಶ್ನೆ: ಜಿ.ಎನ್.ಎಂ. ನರ್ಸಿಂಗ್ ಮುಗಿಸಿ ಮೂರು ವರ್ಷ ಆಸ್ಪತ್ರೆಯಲ್ಲಿ ದುಡಿದಿದ್ದೇನೆ. ಜರ್ಮನಿಗೆ ಕಳಿಸುತ್ತೇವೆ ಎನ್ನುವ ಏಜೆಂಟರೊಬ್ಬರು ನಾಲ್ಕು ಲಕ್ಷ ರೂಪಾಯಿ ಹಾಗೂ ಮೂಲ ಪ್ರಮಾಣಪತ್ರಗಳು ಮತ್ತು ಪಾಸ್‌ಪೋರ್ಟ್ ಕೇಳುತ್ತಿದ್ದಾರೆ. ಕೊಡಬಹುದೇ? — ಕಲಬುರಗಿಯ ಓದುಗರು

ಉತ್ತರ: ಕೊಡಬೇಡಿ. ಪಾಸ್‌ಪೋರ್ಟ್ ಕಾನೂನಿನ ಪ್ರಕಾರ ಭಾರತ ಸರ್ಕಾರದ ಸ್ವತ್ತು. ಅದನ್ನು ಏಜೆಂಟರ ಬೀರುವಿನಲ್ಲಿ ಅಡವಿಡುವ ಹಕ್ಕು ಅವರಿಗೂ ಇಲ್ಲ, ನಿಮಗೂ ಇಲ್ಲ. ವಿದೇಶಕ್ಕೆ ಕೆಲಸಗಾರರನ್ನು ಕಳಿಸುವವರು 1983ರ ವಲಸೆ ಕಾಯ್ದೆಯಡಿ ನೋಂದಾಯಿಸಿಕೊಂಡಿರಬೇಕು, ಅವರು ಪಡೆಯಬಹುದಾದ ಗರಿಷ್ಠ ಸೇವಾಶುಲ್ಕ 30,000 ರೂಪಾಯಿ ಮತ್ತು ಅದರ ಮೇಲಿನ ಜಿ.ಎಸ್.ಟಿ. ಈ ನೋಂದಣಿಯನ್ನು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ತಾಣದಲ್ಲಿ ಯಾರು ಬೇಕಾದರೂ ಪರೀಕ್ಷಿಸಬಹುದು. ಜರ್ಮನಿಯ ಕಡೆಯಲ್ಲೂ ವಿದೇಶಿ ನರ್ಸ್‌ಗಳ ನ್ಯಾಯಯುತ ನೇಮಕಾತಿಗೆ ಸರ್ಕಾರಿ ಮುದ್ರೆಯೊಂದಿದೆ; ಅದನ್ನು ಪಡೆದ ಆಸ್ಪತ್ರೆ ಮತ್ತು ಸಂಸ್ಥೆಗಳು ನೇಮಕಾತಿಯ ವೆಚ್ಚವನ್ನು ನರ್ಸ್‌ಗಳಿಂದ ವಸೂಲು ಮಾಡುವಂತಿಲ್ಲ.

ನೆರೆಯ ಕೇರಳದಲ್ಲಿ ಅಲ್ಲಿನ ಸರ್ಕಾರದ ನೋರ್ಕಾ ಸಂಸ್ಥೆಯ ಮೂಲಕ, ಜರ್ಮನಿಗೆ ನರ್ಸ್‌ಗಳನ್ನು ಕಳಿಸಲು ನಡೆಯುವ ‘ಟ್ರಿಪಲ್ ವಿನ್’ ಯೋಜನೆಯಲ್ಲಿ ನರ್ಸ್‌ಗಳಿಂದ ನೇಮಕಾತಿ ಶುಲ್ಕ ಪಡೆಯುವುದಿಲ್ಲ. ಅಲ್ಲಿ ಉಚಿತವಾಗಿ ಆಗುವ ಕೆಲಸಕ್ಕೆ ನಿಮ್ಮಲ್ಲಿ ನಾಲ್ಕು ಲಕ್ಷ ಏಕೆ ಎಂದು ಆ ಏಜೆಂಟರನ್ನೇ ಕೇಳಿ ನೋಡಿ.

ಈಗ ನಿಜವಾದ ದಾರಿ. ಎಂಜಿನಿಯರಿಂಗಿನಂತಲ್ಲದೆ ನರ್ಸಿಂಗ್ ಅಲ್ಲಿ ನಿಯಂತ್ರಿತ ವೃತ್ತಿ, ಅಂದರೆ ಮಾನ್ಯತೆಯಿಲ್ಲದೆ ಪೂರ್ಣ ನರ್ಸ್ ಆಗಿ ಕೆಲಸ ಮಾಡುವಂತಿಲ್ಲ. ನೀವು ಸೇರಲಿರುವ ರಾಜ್ಯದ ಪ್ರಾಧಿಕಾರವು ನಿಮ್ಮ ಪಠ್ಯಕ್ರಮವನ್ನೂ ಅನುಭವವನ್ನೂ ಜರ್ಮನ್ ತರಬೇತಿಯೊಂದಿಗೆ ಹೋಲಿಸಿ, ಎಲ್ಲೆಲ್ಲಿ ಕೊರತೆಯಿದೆ ಎಂದು ಲಿಖಿತವಾಗಿ ತಿಳಿಸುತ್ತದೆ. ಆ ಪತ್ರ ಬಂದರೆ ತಿರಸ್ಕಾರವಾಯಿತೆಂದು ಎದೆಗುಂದಬೇಕಾಗಿಲ್ಲ. ಅದರ ಆಧಾರದ ಮೇಲೆಯೇ ಮಾನ್ಯತೆ ಪೂರೈಸಿಕೊಳ್ಳುವ ವೀಸಾ ಸಿಗುತ್ತದೆ. ಅಲ್ಲಿಗೆ ಹೋಗಿ ಆಸ್ಪತ್ರೆಯಲ್ಲಿ ಸಹಾಯಕರಾಗಿ ಸಂಬಳ ಪಡೆಯುತ್ತ, ಹೊಂದಾಣಿಕೆಯ ತರಬೇತಿ ಮುಗಿಸಿ ಅಥವಾ ಜ್ಞಾನಪರೀಕ್ಷೆ ಬರೆದು ಪೂರ್ಣ ಪರವಾನಗಿ ಪಡೆಯಬಹುದು.

ಪರವಾನಗಿಗೆ ಸಾಮಾನ್ಯವಾಗಿ ಬಿ2 ಮಟ್ಟದ ಜರ್ಮನ್ ಕೇಳುತ್ತಾರೆ. ಹೆಚ್ಚಿನವರು ಸೋಲುವುದು ಇಲ್ಲಿ, ವೀಸಾ ಕಚೇರಿಯಲ್ಲಿ ಅಲ್ಲ. ಲಿಂಗವನ್ನು ಅರ್ಥದಿಂದಲೇ ತಿಳಿಯುವ ಕನ್ನಡಿಗರಿಗೆ, ‘ಹುಡುಗಿ’ ಎಂಬ ಪದವನ್ನೇ ನಪುಂಸಕಲಿಂಗದಲ್ಲಿಡುವ ಭಾಷೆ ಮೊದಮೊದಲು ತಲೆನೋವು ತರಿಸುವುದು ಸಹಜ. ಒಂದು ವರ್ಷವನ್ನು ಪೂರ್ತಿಯಾಗಿ ಭಾಷೆಗೇ ಮೀಸಲಿಡಿ, ನಾಲ್ಕು ಲಕ್ಷದ ಒಂದು ಪಾಲನ್ನು ಒಳ್ಳೆಯ ತರಗತಿಗೆ ಕಟ್ಟಿ.

ಪ್ರಶ್ನೆ: ಪ್ರವಾಸಿ ವೀಸಾದಲ್ಲಿ ಹೋಗಿ ಅಲ್ಲೇ ಕೆಲಸ ಹುಡುಕಿ ವೀಸಾ ಬದಲಿಸಿಕೊಳ್ಳಬಹುದೇ? ಅರ್ಜಿ ಎಲ್ಲಿ ಸಲ್ಲಿಸಬೇಕು, ತಿರಸ್ಕೃತವಾದರೆ ಏನು ಗತಿ? — ಶಿವಮೊಗ್ಗದ ಓದುಗರು

ಉತ್ತರ: ಬದಲಿಸಿಕೊಳ್ಳಲಾಗದು. ಜರ್ಮನಿಯೂ ಸೇರಿದ ಯುರೋಪಿನ ಷೆಂಗೆನ್ ದೇಶಗಳ ಪ್ರವಾಸಿ ವೀಸಾದಲ್ಲಿ 180 ದಿನಗಳಲ್ಲಿ 90 ದಿನವಷ್ಟೇ ಇರಬಹುದು, ಕೆಲಸ ಮಾಡುವಂತಿಲ್ಲ; ಕೆಲಸ ಸಿಕ್ಕರೂ ಊರಿಗೆ ಮರಳಿ ಉದ್ಯೋಗದ ವೀಸಾಕ್ಕೆ ಹೊಸದಾಗಿ ಅರ್ಜಿ ಹಾಕಬೇಕು.

ಕರ್ನಾಟಕದಲ್ಲಿ ನೆಲೆಸಿದವರ ಅರ್ಜಿ ಬೆಂಗಳೂರಿನ ಜರ್ಮನ್ ಕಾನ್ಸುಲೇಟ್‌ಗೆ ಹೋಗುತ್ತದೆ. ಉದ್ಯೋಗದ ವೀಸಾಗಳಿಗೆ ಜರ್ಮನ್ ವಿದೇಶಾಂಗ ಇಲಾಖೆಯ ಆನ್‌ಲೈನ್ ತಾಣದಲ್ಲಿ ದಾಖಲೆಗಳನ್ನು ಮೊದಲೇ ಸಲ್ಲಿಸಬಹುದು. ಶುಲ್ಕ 75 ಯೂರೋ. ಅರ್ಜಿ ತಿರಸ್ಕೃತವಾದರೆ ಕಾನ್ಸುಲೇಟ್‌ಗೇ ಆಕ್ಷೇಪಣಾ ಪತ್ರ ಬರೆಯುವ ಹಳೆಯ ಅವಕಾಶವನ್ನು 2025ರ ಜುಲೈ 1ರಿಂದ ತೆಗೆದುಹಾಕಿದ್ದಾರೆ. ಉಳಿದಿರುವುದು ಬರ್ಲಿನ್‌ನ ಆಡಳಿತ ನ್ಯಾಯಾಲಯದ ಮೆಟ್ಟಿಲು ಹತ್ತುವುದು, ಇಲ್ಲವೇ ಕೊರತೆಯನ್ನು ತುಂಬಿ ಮತ್ತೆ ಶುಲ್ಕ ಕಟ್ಟಿ ಹೊಸ ಅರ್ಜಿ ಹಾಕುವುದು. ತಿರಸ್ಕಾರದ ಪತ್ರದಲ್ಲಿ ಕಾರಣವನ್ನು ಕೊಟ್ಟಿರುತ್ತಾರೆ, ಆ ಪತ್ರವನ್ನು ಎಸೆಯದೆ ಇಟ್ಟುಕೊಳ್ಳಿ.