ಸಂಪಾದಕರ ಉತ್ತರ: ಅಪ್ಪಾಜಿಯವರ ಬಗ್ಗೆ ಏನು ಬರೆಯಬೇಕು?

ಮಾನ್ಯ ಓದುಗರೇ,

ಮತ್ತೀಕೆರೆಯಿಂದ ನೀವು ಬರೆದ ದೀರ್ಘ ಪತ್ರ ತಲುಪಿದೆ. ಬೇರೆಯವರಿಗೂ ಉಪಯೋಗವಾಗಬಹುದೆಂದು, ನಿಮ್ಮ ಒಪ್ಪಿಗೆ ಪಡೆದು, ಹೆಸರು ಬಿಟ್ಟು ಇಲ್ಲಿಯೇ ಉತ್ತರಿಸುತ್ತಿದ್ದೇನೆ. ತುಮಕೂರು ಸೀಮೆಯ ಹಳ್ಳಿಯಲ್ಲಿ ಹುಟ್ಟಿ, ಸಿದ್ಧಗಂಗಾ ಮಠದಲ್ಲಿ ಉಂಡು ಓದಿ, ಜಾಲಹಳ್ಳಿಯ ಎಚ್‌.ಎಂ.ಟಿ. ಕಾರ್ಖಾನೆಯಲ್ಲಿ ಲೇತ್ ಯಂತ್ರದಲ್ಲಿ ಲೋಹ ಕಡೆಯುವ ಟರ್ನರ್ ಆಗಿ ದುಡಿದು ನಿವೃತ್ತರಾದ ನಿಮ್ಮ ತಂದೆಯವರು ಲಿಂಗೈಕ್ಯರಾಗಿ ವರ್ಷ ತುಂಬುತ್ತಿದೆ. ಪುಣ್ಯಸ್ಮರಣೆಯ ದಿನ ಹಂಚಲು ಒಂದು ಸಣ್ಣ ಪುಸ್ತಿಕೆ ತರಬೇಕೆಂದು ನೆಂಟರಿಷ್ಟರಿಂದ ಬರಹ ಕೇಳಿದರೆ, ಬಂದದ್ದೆಲ್ಲ ‘ಸರಳ ಸಜ್ಜನ’, ‘ಅಜಾತಶತ್ರು’, ‘ಕಾಯಕಯೋಗಿ’ ಎಂಬಂಥ ಮಾತುಗಳೇ ಎಂದೂ, ಅವುಗಳಲ್ಲಿ ಎಲ್ಲಿಯೂ ಅಪ್ಪಾಜಿ ಸಿಗುತ್ತಿಲ್ಲವೆಂದೂ ನೊಂದು ಬರೆದಿದ್ದೀರಿ. ಒಮ್ಮೆಯೂ ಪತ್ರಿಕೆಯಲ್ಲಿ ಹೆಸರು ಬಾರದವರ ಬಗ್ಗೆ ಬರೆಯುವುದು ಸರಿಯೇ, ಬರೆಯುವುದಾದರೆ ಹೇಗೆ ಎಂಬುದು ನಿಮ್ಮ ಪ್ರಶ್ನೆ. ಕೊನೆಯ ಪುಟದಲ್ಲಿ ಇನ್ನೊಂದನ್ನು ಸಂಕೋಚದಿಂದಲೇ ಕೇಳಿದ್ದೀರಿ: ‘ಅಪ್ಪಾಜಿ ಊರಿಗೆಲ್ಲ ಆದರು, ಅವ್ವನ ಕಷ್ಟ ಯಾರಿಗೂ ಕಾಣಲಿಲ್ಲ. ಇದನ್ನು ಬರೆಯಬಹುದೇ?’ ನನ್ನ ದೃಷ್ಟಿಯಲ್ಲಿ ನಿಮ್ಮ ಪತ್ರದ ಜೀವ ಇರುವುದು ಆ ಪ್ರಶ್ನೆಯಲ್ಲಿ.

ಮೊದಲನೆಯದಕ್ಕೆ ಉತ್ತರ ಕೊಡುವುದು ಸುಲಭ. ನಮ್ಮ ಬೆಂಗಳೂರಿನ ಹೆಸರು ಕಾಣಸಿಗುವ ಅತ್ಯಂತ ಹಳೆಯ ಬರಹಗಳಲ್ಲಿ ಒಂದು ಬೇಗೂರಿನ ನಾಗೇಶ್ವರ ದೇವಾಲಯದಲ್ಲಿರುವ ವೀರಗಲ್ಲು, ಸುಮಾರು ಕ್ರಿ.ಶ. 900ರದ್ದು. ಬೆಂಗಳೂರಿನ ಕಾಳಗದಲ್ಲಿ ಗಂಗರ ಅಧಿಕಾರಿ ನಾಗತ್ತರನ ಕಡೆಯವನೊಬ್ಬ ಸತ್ತನೆಂದು ಅದು ಹೇಳುತ್ತದೆ. ಸತ್ತವನು ರಾಜನಲ್ಲ. ಅವನು ಯಾರ ಕಡೆಯವನು, ಎಲ್ಲಿ ಸತ್ತ ಎಂಬಷ್ಟನ್ನೇ ಬರೆಸಿದವರು ಕಲ್ಲಿಗೆ ಹಾಕಿಸಿದರು, ಅದರಿಂದಲೇ ಹನ್ನೊಂದು ಶತಮಾನಗಳ ನಂತರವೂ ಆ ಮನುಷ್ಯ ನಮಗೆ ಗೊತ್ತು. ಇಂಥ ಊರಿನಲ್ಲಿ ಒಬ್ಬ ಟರ್ನರ್‌ನ ನೆನಪನ್ನು ಅಚ್ಚು ಹಾಕಿಸಲು ನೀವು ಯಾರ ಅಪ್ಪಣೆಯನ್ನೂ ಕೇಳಬೇಕಾಗಿಲ್ಲ.

ಹೇಗೆ ಬರೆಯುವುದೆಂಬುದಕ್ಕೆ ದಾರಿಯನ್ನು ನಿಮ್ಮ ಪತ್ರವೇ ತೋರಿಸಿದೆ, ನೀವು ಗಮನಿಸಿದಂತಿಲ್ಲ. ಬೆಳಗಿನ ಪಾಳಿ ಇದ್ದ ದಿನ ಅವರು ನಾಲ್ಕೂವರೆಗೆ ಎದ್ದು ಮಿಂದು, ವಿಭೂತಿ ಧರಿಸಿ, ಎಡಗೈಯಲ್ಲಿ ಇಷ್ಟಲಿಂಗ ಹಿಡಿದು ಕೂರುತ್ತಿದ್ದರೆಂದೂ, ಆ ಅಂಗೈಯ ಗೆರೆಗಳಲ್ಲಿ ಎಷ್ಟು ಉಜ್ಜಿದರೂ ಬಿಡದ ಮಷಿನ್ ಎಣ್ಣೆಯ ಕಪ್ಪು ಇರುತ್ತಿತ್ತೆಂದೂ, ಚಿಕ್ಕವರಾಗಿದ್ದಾಗ ನೀವು ಅದನ್ನೇ ನೋಡುತ್ತ ಪಕ್ಕದಲ್ಲಿ ಕೂರುತ್ತಿದ್ದಿರೆಂದೂ ಬರೆದಿದ್ದೀರಿ. ಆ ಒಂದು ಅಂಗೈಯಲ್ಲಿ ಅವರ ಭಕ್ತಿ, ದುಡಿಮೆ ಎರಡೂ ಇವೆ. ನೆಂಟರು ಕಳಿಸಿದ ವಿಶೇಷಣಗಳನ್ನೆಲ್ಲ ಬದಿಗಿಟ್ಟು ಇಂಥದ್ದನ್ನು ಬರೆಯಿರಿ. ‘ಕಾಯಕಯೋಗಿ’ ಎಂದು ಯಾರನ್ನು ಬೇಕಾದರೂ ಕರೆಯಬಹುದು, ಆದರೆ ಆ ಕಪ್ಪು ಗೆರೆಗಳ ಅಂಗೈ ನಿಮ್ಮ ಅಪ್ಪಾಜಿಯವರದು ಮಾತ್ರ.

ಕೆಲಸದ ವಿಷಯದಲ್ಲಿ ನಿಮ್ಮ ಪತ್ರ ತೆಳುವಾಗಿದೆ. ಎಚ್‌.ಎಂ.ಟಿ. ಎಂದರೆ ಈಗಿನವರಿಗೆ ಕೈಗಡಿಯಾರದ ನೆನಪು ಮಾತ್ರ. ಆದರೆ 1953ರಲ್ಲಿ ಆ ಸಂಸ್ಥೆ ಹುಟ್ಟಿದ್ದು ಯಂತ್ರಗಳನ್ನು ಮಾಡುವ ಯಂತ್ರಗಳಿಗಾಗಿ, ಗಡಿಯಾರ ಬಂದದ್ದು 1961ರಲ್ಲಿ. ಲೇತ್ ಮುಂದೆ ನಿಂತ ಟರ್ನರ್ ಒಂದೊಂದು ಕಟ್ ಆದ ಮೇಲೂ ಮಷಿನ್ ನಿಲ್ಲಿಸಿ, ಜಾಬ್ ಅಂದರೆ ಕಡೆಯುತ್ತಿರುವ ಲೋಹದ ತುಂಡನ್ನು ಒರೆಸಿ, ಮೈಕ್ರೋಮೀಟರ್ ಹಿಡಿದು ಮಿಲಿಮೀಟರಿನ ನೂರರಲ್ಲೊಂದು ಭಾಗದವರೆಗೆ ಅಳೆಯುತ್ತಾನೆ. ಉಳಿದಿದ್ದರೆ ಇನ್ನೊಮ್ಮೆ ತೆಗೆಯಬಹುದು, ಹೆಚ್ಚು ತೆಗೆದುಬಿಟ್ಟರೆ ಲೋಹವನ್ನು ಮತ್ತೆ ಸೇರಿಸಲು ಬರುವುದಿಲ್ಲ, ಇಡೀ ಜಾಬ್ ರಿಜೆಕ್ಟ್. ಯಾರೂ ನೋಡದಿದ್ದಾಗಲೂ ಅಳೆದೇ ಮುಂದೆ ಹೋಗುವ ಈ ಸ್ವಭಾವ ಮನೆಯಲ್ಲಿ ಹೇಗೆ ಕಾಣಿಸುತ್ತಿತ್ತು? ನಿವೃತ್ತಿಯ ನಂತರವೂ ಹೊಸ ನಲ್ಲಿ ತಂದರೆ ಅದರ ತಿರುಪಿನ ಮರೆಯನ್ನು ಬೆರಳಿನಿಂದ ತಿರುಗಿಸಿ ನೋಡದೆ ಹಾಕಿಸುತ್ತಿರಲಿಲ್ಲವೆಂದು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿದ್ದೀರಿ, ಅಲ್ಲಿ ಸ್ವಲ್ಪ ನಿಲ್ಲಬೇಕಿತ್ತು. ಅವರ ಜೊತೆ ದುಡಿದವರು ಮತ್ತೀಕೆರೆ, ಜಾಲಹಳ್ಳಿ, ವಿದ್ಯಾರಣ್ಯಪುರಗಳಲ್ಲಿ ಇನ್ನೂ ಇದ್ದಾರು. ಅಪ್ಪಾಜಿ ಯಾವ ವಿಭಾಗದಲ್ಲಿದ್ದರು, ಯಾವ ಭಾಗ ತಿರುಗಿಸುತ್ತಿದ್ದರು ಎಂದು ಅವರನ್ನೇ ಕೇಳಿ. ಪೀಣ್ಯದ ಎಷ್ಟೋ ಸಣ್ಣ ವರ್ಕ್‌ಶಾಪ್‌ಗಳಲ್ಲಿ ಎಚ್‌.ಎಂ.ಟಿ. ಲೇತ್‌ಗಳು ಇವತ್ತಿಗೂ ಓಡುತ್ತಿವೆ. ಅವರ ಕೈ ತಾಗಿದ ಯಾವುದೋ ಸ್ಪಿಂಡಲ್ ಈಗಲೂ ಯಾರದೋ ಅನ್ನಕ್ಕೆ ತಿರುಗುತ್ತಿರಬಹುದು ಎಂದು ನೆನೆದರೆ ನನಗೆ ಅವರ ಮೇಲಿನ ಗೌರವ ಇಮ್ಮಡಿಯಾಗುತ್ತದೆ.

ಇನ್ನು ಸಮಾಜದ ಮಾತು. ಸುಗ್ಗಿ ಮುಗಿದ ಮೇಲೆ ಊರಿನಿಂದ ಬಂದ ರಾಗಿಯಲ್ಲಿ ಒಂದು ಮೂಟೆ ತಪ್ಪದೆ ಸಿದ್ಧಗಂಗೆಗೆ ಹೋಗುತ್ತಿತ್ತು, ಹಳ್ಳಿಯಿಂದ ಅಪ್ರೆಂಟಿಸ್ ಅರ್ಜಿ ಹಿಡಿದು ಬಂದ ಹುಡುಗರು ನಿಮ್ಮ ಎರಡು ಕೋಣೆಯ ಮನೆಯಲ್ಲೇ ತಿಂಗಳುಗಟ್ಟಲೆ ಉಳಿಯುತ್ತಿದ್ದರು ಎಂದಿದ್ದೀರಿ. ಇದನ್ನು ಬರಿಯ ಔದಾರ್ಯವೆಂದು ಬರೆದರೆ ಅರ್ಧ ಮಾತ್ರ ಹೇಳಿದಂತೆ. 2019ರಲ್ಲಿ 111 ವರ್ಷ ದಾಟಿ ಲಿಂಗೈಕ್ಯರಾದ ಶಿವಕುಮಾರ ಸ್ವಾಮಿಗಳು ಹಳ್ಳಿ ಹಳ್ಳಿ ತಿರುಗಿ ಭಿಕ್ಷೆ ತಂದು ಸಾವಿರಾರು ಮಕ್ಕಳಿಗೆ, ಜಾತಿ ಕೇಳದೆ, ಅನ್ನ ಹಾಕಿ ಓದಿಸಿದರು. ಆ ಪಂಕ್ತಿಯಲ್ಲಿ ಕೂತು ಉಂಡ ಹುಡುಗ ಮುಂದೆ ಸಂಬಳ ಎಣಿಸುವಾಗ ಇದರಲ್ಲಿ ಪರರ ಪಾಲೂ ಇದೆ ಎಂದುಕೊಂಡಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ. ಉಂಡ ಋಣವನ್ನು ಅವರು ಉಣಿಸಿ ತೀರಿಸುತ್ತಿದ್ದರು.

ಆದರೆ ಉಣಿಸಿದ ಕೈ ಯಾರದು? ನಿಮ್ಮ ಕೊನೆಯ ಪ್ರಶ್ನೆ ಇರುವುದು ಇಲ್ಲಿಯೇ. 1980ರ ಡಿಸೆಂಬರ್ ಕೊನೆಯಿಂದ 1981ರ ಮಾರ್ಚ್‌ವರೆಗೆ ಬೆಂಗಳೂರಿನ ಸಾರ್ವಜನಿಕ ಉದ್ಯಮಗಳ ಕಾರ್ಮಿಕರು 77 ದಿನ ಮುಷ್ಕರ ಹೂಡಿದ್ದು ಹಳಬರಿಗೆಲ್ಲ ನೆನಪಿದೆ. ಎಚ್‌.ಎಂ.ಟಿ., ಬಿ.ಇ.ಎಲ್., ಐ.ಟಿ.ಐ., ಎಚ್‌.ಎ.ಎಲ್. ಕಾರ್ಮಿಕರ ಮನೆಗಳಲ್ಲಿ ಸಂಬಳವಿಲ್ಲದೆ ತಿಂಗಳುಗಳು ಕಳೆದವು. ಆ ದಿನಗಳಲ್ಲೂ ನಿಮ್ಮ ಮನೆಯಲ್ಲಿ ಊರಿನ ಇಬ್ಬರು ಹುಡುಗರಿದ್ದರು. ಅಪ್ಪಾಜಿ ಅವರನ್ನು ಕಳಿಸಲು ಒಪ್ಪಲಿಲ್ಲ. ಅವ್ವ ಎರಡು ಬಳೆಯನ್ನು ಗಿರವಿ ಅಂಗಡಿಯಲ್ಲಿಟ್ಟು ದಿನಸಿ ತಂದರು, ಹುಡುಗರಿಗೆ ಮುದ್ದೆ ಬಡಿಸಿ ತಾವು ಸಾರಿನಲ್ಲೇ ಊಟ ಮುಗಿಸಿದರು, ಬಿಡಿಸಿಕೊಂಡದ್ದು ಒಂದೇ ಬಳೆ. ನಿಮ್ಮ ಚಿಕ್ಕಪ್ಪನವರು ‘ಹೋದವರ ಪುಸ್ತಕದಲ್ಲಿ ಇದೆಲ್ಲ ಬೇಡ’ ಎಂದರಂತೆ. ಹಿರಿಯರ ಮೇಲಿನ ಗೌರವದಿಂದಲೇ ಹೇಳುತ್ತೇನೆ, ನಾನು ಅದನ್ನು ಒಪ್ಪುವುದಿಲ್ಲ.

ಅಪ್ಪಾಜಿಯವರು ನಂಬಿದ ಪರಂಪರೆಯೇ ಇದನ್ನು ಮುಚ್ಚಿಟ್ಟಿಲ್ಲ. ಕಲ್ಯಾಣದ ಬೀದಿಯಲ್ಲಿ ಚೆಲ್ಲಿದ ಅಕ್ಕಿ ಆಯ್ದು ತಂದು ದಾಸೋಹ ಮಾಡುತ್ತಿದ್ದ ಬಸವಣ್ಣನವರ ಕಾಲದ ಶರಣ ಆಯ್ದಕ್ಕಿ ಮಾರಯ್ಯ ಒಂದು ದಿನ ದಿನದ ಅಳತೆಗಿಂತ ಹೆಚ್ಚು ತಂದಾಗ, ಅವನನ್ನು ಪ್ರಶ್ನಿಸಿ, ಹೆಚ್ಚಿನದನ್ನು ತಿರುಗಿ ಚೆಲ್ಲಿ ಬರಲು ಹೇಳಿದವಳು ಮಡದಿ ಲಕ್ಕಮ್ಮ. ಆ ಮನೆಯ ದಾಸೋಹ ಇಬ್ಬರದು, ಅದರಲ್ಲಿ ಗಂಡನಿಗೆ ಬೇಡವೆನ್ನುವ ಅಧಿಕಾರವೂ ಹೆಂಡತಿಗಿತ್ತು. ನಿಮ್ಮ ಮನೆಯಲ್ಲಿ ದುಡಿಮೆ ಇಬ್ಬರದಾಗಿತ್ತು, ಬೇಡವೆನ್ನುವ ಅಧಿಕಾರ ಮಾತ್ರ ಒಬ್ಬರಲ್ಲಿ ಉಳಿಯಿತು. ಇದನ್ನು ಬರೆದರೆ ಅಪ್ಪಾಜಿಯವರ ಒಳ್ಳೆಯತನ ಕಡಿಮೆಯಾಗುವುದಿಲ್ಲ, ಅದಕ್ಕೆ ಬೆಲೆ ತೆತ್ತವರ ಹೆಸರು ಸೇರುತ್ತದೆ ಅಷ್ಟೆ. ಅವ್ವನನ್ನು ಬಿಟ್ಟು ಬರೆದ ಪುಸ್ತಿಕೆಯಲ್ಲಿ ಆ ಹುಡುಗರಿಗೆ ಮುದ್ದೆ ಎಲ್ಲಿಂದ ಬಂತೆಂದು ಓದಿದವರಿಗೆ ತಿಳಿಯುವುದೇ ಇಲ್ಲ.

ಒಂದು ಎಚ್ಚರಿಕೆ ಇರಲಿ. ಬಳೆ ಅವ್ವನವರದು, ಆ ಕತೆಯೂ ಅವರದೇ. ಬರೆಯುವ ಮೊದಲು ಅವರ ಪಕ್ಕ ಕೂತು ಓದಿ ಹೇಳಿ, ಬೇಡವೆಂದರೆ ಒತ್ತಾಯಿಸದೆ ಕೈಬಿಡಿ. ಸಾಧ್ಯವಾದರೆ ಅವರ ಮಾತನ್ನೇ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು, ತಿದ್ದದೆ, ತುಮಕೂರಿನ ಆಡುಮಾತಿನಲ್ಲಿಯೇ ಎರಡು ಪುಟ ಕೊಡಿ. ಅಪ್ಪಾಜಿಯವರನ್ನು ಅವರು ಬೈದದ್ದಿದ್ದರೆ ಅದೂ ಬರಲಿ. ಅಷ್ಟು ವರ್ಷ ಸಂಸಾರ ಮಾಡಿದವರ ಬೈಗುಳದಲ್ಲಿ ನಮ್ಮ ಹೊಗಳಿಕೆಗಿಂತ ಹೆಚ್ಚು ಅಕ್ಕರೆ ಇರುತ್ತದೆ. ನಿಮ್ಮ ಸ್ವಂತ ಕೊರತೆಗಳನ್ನು, ಶಾಲೆಯ ವಾರ್ಷಿಕೋತ್ಸವಕ್ಕೆ ಅವರು ಬರಲಿಲ್ಲವೆಂಬುದನ್ನು, ನಿಮ್ಮ ಹೆಸರಿನಲ್ಲಿ ಬರೆಯಿರಿ, ಅವ್ವನ ಬಾಯಲ್ಲಿ ಹಾಕಬೇಡಿ.

ನೆಂಟರ ಬರಹಗಳನ್ನು ಎಸೆಯುವುದೂ ಬೇಡ. ಒಬ್ಬೊಬ್ಬರಿಗೂ ಫೋನ್ ಮಾಡಿ, ‘ಅಜಾತಶತ್ರು ಅಂದಿರಲ್ಲ, ಯಾವಾಗ ಹಾಗನಿಸಿತು?’ ಎಂದು ಕೇಳಿದರೆ ಸಾಕು, ಒಂದು ಘಟನೆ ತಾನಾಗಿ ಹೊರಬರುತ್ತದೆ. ನಿಮ್ಮ ಮನೆಯಲ್ಲಿ ಉಂಡು ಹೋದ ಹುಡುಗರು ಈಗ ಅರವತ್ತು ದಾಟಿದವರು. ಅವರಿಂದಲೂ ಬರೆಸಿ, ಆದರೆ ಅವರ ಬಡತನದ ದಿನಗಳನ್ನು ಹೆಸರು ಸಹಿತ ಅಚ್ಚು ಹಾಕುವ ಮುನ್ನ ಅವರ ಒಪ್ಪಿಗೆ ಪಡೆಯಿರಿ.

ಪುಸ್ತಿಕೆಯ ಮುಖ್ಯ ಲೇಖನ ಸಿದ್ಧವಾದಾಗ ನಮಗೂ ಒಂದು ಪ್ರತಿ ಕಳಿಸಿ, ಪುಣ್ಯಸ್ಮರಣೆಗೆ ಮೊದಲಿನ ಸಂಚಿಕೆಯಲ್ಲಿ ಎರಡು ಪುಟ ನಿಮಗಾಗಿ ಕಾದಿರಿಸುತ್ತೇವೆ. ಫೋಟೋ ಕಳಿಸುವಾಗ ಸ್ಟುಡಿಯೋದಲ್ಲಿ ತೆಗೆಸಿದ್ದರ ಬದಲು, ನೀವು ಹೇಳಿದ ಆ ಕಾರ್ಖಾನೆಯ ಆಯುಧಪೂಜೆಯ ಚಿತ್ರ, ಕುಂಕುಮ ಹಚ್ಚಿದ ಲೇತ್ ಪಕ್ಕದಲ್ಲಿ ಅವರೂ ಅವ್ವನೂ ನಿಂತಿರುವುದು, ಇದ್ದರೆ ಅದನ್ನೇ ಕಳಿಸಿ.

— ಸಂಪಾದಕ