ವಾಚ್ ಹೇಳುವ ಒತ್ತಡ ಯಾರದು?

ಪ್ರಶ್ನೆ: ಅಡಿಕೆ ಹೆಕ್ಕಿ ಬಂದು ಜಗಲಿಯಲ್ಲಿ ಕೂತರೆ ನನ್ನ ಸ್ಮಾರ್ಟ್‌ವಾಚ್ ಒತ್ತಡ 80 ಎನ್ನುತ್ತದೆ. ಸಾಲದ ಚಿಂತೆಯಲ್ಲಿ ನಿದ್ದೆ ಬಾರದೆ ಮಲಗಿದ್ದಾಗ 30! ಯಾವುದನ್ನು ನಂಬಲಿ? ಫೋನಿನ ಕ್ಯಾಮೆರಾದಲ್ಲೂ ಅಳೆಯಬಹುದು ಎನ್ನುತ್ತಾಳೆ ಮಗಳು. ನಿಜವೇ?
– ಓದುಗರು, ಬದಿಯಡ್ಕ

ಉತ್ತರ: ವಾಚಿಗೆ ನಿಮ್ಮ ಸಾಲದ ವಿಷಯ ಗೊತ್ತಿಲ್ಲ. ಅದು ನೋಡುವುದು ಒಂದು ಎದೆಬಡಿತಕ್ಕೂ ಮುಂದಿನದಕ್ಕೂ ನಡುವಿನ ಸಮಯವನ್ನು. ಆರಾಮದಲ್ಲಿದ್ದಾಗ ಈ ಅಂತರ 820, 870, 840 ಮಿಲಿಸೆಕೆಂಡ್ ಎಂದು ಹಿಗ್ಗುತ್ತ ಕುಗ್ಗುತ್ತ ಇರುತ್ತದೆ. ಉದ್ವೇಗದಲ್ಲಿ ಬಡಿತ ಜೋರಾಗಿ ಏರಿಳಿತ ಕಡಿಮೆಯಾಗುತ್ತದೆ, ಆಗ ವಾಚ್ ಒತ್ತಡದ ಅಂಕೆಯನ್ನು ಏರಿಸುತ್ತದೆ. ಕಾರಣ ಚಿಂತೆಯೋ, ಮೈಮುರಿದ ಕೆಲಸವೋ, ಜ್ವರವೋ, ಕಾಫಿಯೋ ಅದಕ್ಕೆ ತಿಳಿಯದು. ಎಲೆಯಡಿಕೆಯೂ ಬಡಿತ ಏರಿಸುತ್ತದೆ. ನಮ್ಮ ಕಡೆ ಅದನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ಅಲುಗಾಡದೆ ಮಲಗಿದ ಮೈಯಲ್ಲಿ ಬಡಿತ ಇಳಿದಿರುವುದರಿಂದ 30 ಬಂದಿರಬಹುದು. ಬಿ.ಪಿ.ಗೆ ಬೀಟಾ ಬ್ಲಾಕರ್ ಎಂಬ, ಬಡಿತವನ್ನು ತಗ್ಗಿಸುವ ಮಾತ್ರೆ ತೆಗೆದುಕೊಳ್ಳುವವರಿಗಂತೂ ಈ ಅಂಕೆ ಸುಳ್ಳು ಸಮಾಧಾನ ಹೇಳೀತು.

ಮಗಳು ಹೇಳಿದ್ದು ಸರಿ. ಕ್ಯಾಮೆರಾ, ಫ್ಲಾಶ್ ಎರಡನ್ನೂ ಬೆರಳಿನಿಂದ ಮುಚ್ಚಿದರೆ, ಪ್ರತಿ ಬಡಿತಕ್ಕೂ ರಕ್ತ ತುಂಬಿ ಬೆಳಕು ತುಸು ಮಂಕಾಗುವುದನ್ನು ಆ್ಯಪ್ ಹಿಡಿಯುತ್ತದೆ. ಒತ್ತಿ ಹಿಡಿದಿರೋ, ರಕ್ತನಾಳ ಚಪ್ಪಟೆಯಾಗಿ ಬಡಿತದ ಅಲೆಯೇ ಮಾಯ. ತಣ್ಣಗಿನ ಬೆರಳಿಗೂ ಅದೇ ಗತಿ. ಸೆಕೆಂಡಿಗೆ 30 ಚಿತ್ರ ತೆಗೆಯುವ ಕ್ಯಾಮೆರಾದಲ್ಲಿ ಎರಡು ಚಿತ್ರಗಳ ನಡುವೆ 33 ಮಿಲಿಸೆಕೆಂಡ್. ಅಳೆಯಬೇಕಾದ ಏರಿಳಿತವೇ ಹಲವರಲ್ಲಿ ಅಷ್ಟಿರುತ್ತದೆ! ಒಳ್ಳೆಯ ಆ್ಯಪ್ ನಡುವಿನ ಬಿಂದುಗಳನ್ನು ಲೆಕ್ಕಹಾಕಿ ತುಂಬುತ್ತದೆ. ಅಲೆಯನ್ನು ತೋರಿಸದೆ ಬರೀ ಅಂಕೆ ಕೊಡುವ ಆ್ಯಪ್ ಬೇಡ.

ಬೆಳಿಗ್ಗೆ ಕಾಫಿಗೆ ಮೊದಲು, ಕೈಯನ್ನು ಮೇಜಿನ ಮೇಲಿಟ್ಟು, 1 ನಿಮಿಷ ಸುಮ್ಮನೆ ಕೂತು, ಆಮೇಲೆ 2ರಿಂದ 5 ನಿಮಿಷ ಅಳೆಯಿರಿ. ಮಾತು ಬೇಡ. ಬೇಕೆಂದೇ ನಿಧಾನವಾಗಿ ಉಸಿರಾಡಲೂ ಬೇಡಿ. ನಿಮಿಷಕ್ಕೆ 6 ಉಸಿರಿಗೆ ಇಳಿಸಿದರೆ ಏರಿಳಿತ ತಾನಾಗಿ ಹಿಗ್ಗಿ ಅಂಕೆ ಚಂದ ಕಾಣುತ್ತದೆ, ಅಷ್ಟೇ. ಎರಡು ವಾರದ ನಿಮ್ಮದೇ ಸರಾಸರಿಗೆ ಹೋಲಿಸಿ. ಮಗಳ ಅಂಕೆಗೆ ಬೇಡ, ವಯಸ್ಸಾದಂತೆ ಏರಿಳಿತ ತಗ್ಗುವುದು ಸಹಜ.

ನಮ್ಮ ಮಟ್ಟಿಗೆ ಇದಕ್ಕಿಂತ ಉಪಯೋಗದ್ದು ಫೋನಿನ ಅಲಾರಂ. ದಿನಕ್ಕೆ 4 ಸಲ, ದಿನದಿನಕ್ಕೂ ಸಮಯ ಬದಲಿಸಿ ಇಡಿ. ಅಲಾರಂ ಬಡಿದಾಗ ಮನಸ್ಸಿನ ಒತ್ತಡಕ್ಕೆ 0ಯಿಂದ 10ರೊಳಗೆ ಒಂದು ಅಂಕೆ, ಜೊತೆಗೆ ಎಲ್ಲಿದ್ದಿರಿ, ಏನು ಮಾಡುತ್ತಿದ್ದಿರಿ ಎಂದು ಎರಡು ಪದ. ಆಗಲೇ ಬರೆಯಬೇಕು, ರಾತ್ರಿ ನೆನಪಿಸಿಕೊಂಡು ಬರೆದರೆ ಸಂಜೆಯ ಒಂದು ಜಗಳ ಇಡೀ ದಿನವನ್ನು ನುಂಗಿಬಿಡುತ್ತದೆ. ವಾಚಿನ ಅಂಕೆಯನ್ನು ಇದರ ಪಕ್ಕ ಇಟ್ಟು ನೋಡಿ: 80ರ ಎದುರು 2 ಇದ್ದರೆ ಅದು ಅಡಿಕೆ ಹೆಕ್ಕಿದ ದಣಿವು. 30ರ ಎದುರು 9 ಇದ್ದರೆ ನಂಬಬೇಕಾದ್ದು 9ನ್ನು.

ನಿದ್ದೆಗೇಡು ಎರಡು ವಾರ ದಾಟಿದ್ದರೆ ಅಳೆಯುತ್ತ ಕೂರದೆ ವೈದ್ಯರನ್ನು ಕಾಣಿ, ಇಲ್ಲವೇ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೂ ಸಿಗುತ್ತದೆ.