ಎಸ್‌ಪಿ ರೋಡ್ ಕೊಟೇಶನ್‌ನ ಪಿಸಿಯಲ್ಲಿ ಮ್ಯಾಕ್ ಓಡುತ್ತಾ?

ಪ್ರಶ್ನೆ: ಮಗಳು ಬಿ.ಇ. ಎರಡನೇ ವರ್ಷ. ಐಫೋನ್ ಆ್ಯಪ್ ಮಾಡುವುದನ್ನು ಕಲಿಯುವ ಆಸೆ. ಎಸ್‌ಪಿ ರೋಡ್‌ನಿಂದ ಒಂದು ಪಿಸಿಗೆ ಕೊಟೇಶನ್ ತಂದಿದ್ದೇನೆ: ಇಂಟೆಲ್ ಐ5-12400ಎಫ್, ಬಿ660 ಬೋರ್ಡ್, 16 ಜಿಬಿ ರ‍್ಯಾಮ್, ಆರ್‌ಟಿಎಕ್ಸ್ 3060. ಇದಕ್ಕೇ ಆಪಲ್ ಕಂಪ್ಯೂಟರ್‌ನ ಕಾರ್ಯಾಚರಣಾ ವ್ಯವಸ್ಥೆ ಮ್ಯಾಕ್‌ಒಎಸ್ ಹಾಕಿಕೊಳ್ಳುತ್ತೇನೆ ಅನ್ನುತ್ತಾಳೆ. ಆಗುತ್ತಾ?
— ಒಬ್ಬ ತಂದೆ, ರಾಜಾಜಿನಗರ

ಉತ್ತರ: ಈ ಪಟ್ಟಿ ಹೀಗೇ ಇದ್ದರೆ ಆಗುವುದಿಲ್ಲ. ಅಡ್ವಾನ್ಸ್ ಕೊಟ್ಟಿಲ್ಲ ತಾನೇ? ಇನ್ನೂ ಕೊಡಬೇಡಿ.

ತೊಡಕು ಇರುವುದು ಗ್ರಾಫಿಕ್ಸ್ ಕಾರ್ಡ್‌ನಲ್ಲಿ. ಆರ್‌ಟಿಎಕ್ಸ್ ಸರಣಿಯ ಯಾವ ಕಾರ್ಡಿಗೂ ಮ್ಯಾಕ್‌ಒಎಸ್‌ನಲ್ಲಿ ಡ್ರೈವರ್ (ಕಾರ್ಡನ್ನು ನಡೆಸುವ ತಂತ್ರಾಂಶ) ಬಂದೇ ಇಲ್ಲ. ಪರದೆ ಹೇಗೋ ಮೂಡಬಹುದು. ಆದರೆ ಒಂದು ವಿಂಡೋ ಎಳೆದರೆ ತಡವರಿಸುತ್ತಾ ಬರುತ್ತದೆ, ಐಫೋನ್ ಆ್ಯಪ್ ಮಾಡಲು ಬೇಕಾದ, ಮ್ಯಾಕ್‌ನಲ್ಲಷ್ಟೇ ಓಡುವ ಆಪಲ್ ತಂತ್ರಾಂಶ ಎಕ್ಸ್‌ಕೋಡ್‌ನ ಸಿಮ್ಯುಲೇಟರ್ (ಆ್ಯಪ್ ಪರೀಕ್ಷಿಸುವ ಪರದೆಯ ಮೇಲಿನ ಐಫೋನ್) ಕೈಗೆ ಹತ್ತುವುದಿಲ್ಲ. 12400ಎಫ್‌ನ ಆ ‘ಎಫ್’ ಅಂದರೆ ಒಳಗೆ ಗ್ರಾಫಿಕ್ಸ್ ಇಲ್ಲ ಅಂತ. ಎಫ್ ಇಲ್ಲದ 12400 ತಂದರೂ ಪ್ರಯೋಜನವಿಲ್ಲ. ಅದು ಇಂಟೆಲ್‌ನ 12ನೇ ತಲೆಮಾರಿನದು. ಆಪಲ್ ತನ್ನ ಮ್ಯಾಕ್‌ಗಳಲ್ಲಿ ಇಂಟೆಲ್ ಚಿಪ್ ಬಳಸಿದ್ದು 10ನೇ ತಲೆಮಾರಿನವರೆಗೆ ಮಾತ್ರ, ಅದರ ನಂತರದ ಇಂಟೆಲ್ ಗ್ರಾಫಿಕ್ಸ್ ಮ್ಯಾಕ್‌ಗೆ ಗೊತ್ತೇ ಇಲ್ಲ. ಪ್ರೊಸೆಸರ್ ವಿಷಯದಲ್ಲಿ ಮಾತ್ರ ದಾರಿ ಇದೆ. ಓಪನ್‌ಕೋರ್ ಅನ್ನುವ ಬೂಟ್‌ಲೋಡರ್‌ನಲ್ಲಿ (ಮ್ಯಾಕ್‌ಒಎಸ್‌ಗಿಂತ ಮೊದಲು ಓಡಿ ಅದನ್ನು ಶುರು ಮಾಡುವ ತಂತ್ರಾಂಶ) ಈ ಪ್ರೊಸೆಸರನ್ನು 10ನೇ ತಲೆಮಾರಿನದು ಅಂತ ನಂಬಿಸಬಹುದು.

ಕಾರ್ಡ್ ಬದಲಿಸುವುದಾದರೆ ಎಎಂಡಿಯ ಆರ್‌ಎಕ್ಸ್ 6600 ಕೇಳಿ. ಸಂಖ್ಯೆ ಜಾಸ್ತಿ ಇದ್ದರೆ ಇನ್ನೂ ಒಳ್ಳೆಯದು ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. 6600ಕ್ಕೂ 6800ಕ್ಕೂ ಆಪಲ್ ಡ್ರೈವರ್ ಕೊಟ್ಟಿದೆ, ನಡುವಿನ 6700 ಎಕ್ಸ್‌ಟಿಗೆ ಕೊಟ್ಟಿಲ್ಲ. 7000 ಸರಣಿಗೂ ಇಲ್ಲ.

ಮನೆಯಲ್ಲಿ ಹಳೆಯ ಪಿಸಿ ಇದ್ದರೆ ಮೊದಲು ಅದನ್ನೇ ನೋಡಿ. ವಿಂಡೋಸ್‌ನಲ್ಲಿ ಡಿವೈಸ್ ಮ್ಯಾನೇಜರ್ ತೆರೆದು, ಡಿಸ್‌ಪ್ಲೇ ಅಡಾಪ್ಟರ್ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನ ಡೀಟೇಲ್ಸ್‌ಗೆ ಹೋಗಿ, ಅಲ್ಲಿ ಹಾರ್ಡ್‌ವೇರ್ ಐಡಿ ಆರಿಸಿ. ಉದ್ದನೆಯ ಸಾಲು ಕಾಣುತ್ತದೆ. ಶುರುವಿನಲ್ಲೇ 10ಡಿಇ ಅಂತಿದ್ದರೆ ಎನ್‌ವಿಡಿಯಾ, 1002 ಇದ್ದರೆ ಎಎಂಡಿ, 8086 ಇದ್ದರೆ ಇಂಟೆಲ್. ಅದರ ಮುಂದೆ DEV_ ಆದ ಮೇಲಿನ ನಾಲ್ಕು ಅಕ್ಷರ ಆ ಚಿಪ್‌ನ ಗುರುತು. ಡಬ್ಬದ ಮೇಲಿನ ಹೆಸರಿಗಿಂತ ಈ ಗುರುತನ್ನೇ ನಂಬಿ. ವೈಫೈ, ಲ್ಯಾನ್, ಸೌಂಡ್ ಚಿಪ್‌ಗಳನ್ನೂ ಹೀಗೇ ಬರೆದಿಟ್ಟುಕೊಳ್ಳಿ.

ಎಸ್‌ಎಸ್‌ಡಿಯನ್ನೂ ನೋಡಬೇಕು. ಲ್ಯಾಪ್‌ಟಾಪ್‌ನಿಂದ ಬಿಚ್ಚಿದ ಸ್ಯಾಮ್‌ಸಂಗ್ ಪಿಎಂ981 ಅಗ್ಗಕ್ಕೆ ಸಿಕ್ಕಿದರೆ ತರಬೇಡಿ. ವಿಂಡೋಸ್‌ನಲ್ಲಿ ಚೆನ್ನಾಗಿಯೇ ಇರುತ್ತದೆ, ಮ್ಯಾಕ್‌ಒಎಸ್ ಮಾತ್ರ ಅದರ ಮೇಲೆ ಕುಸಿದು ರೀಸ್ಟಾರ್ಟ್ ಆಗುತ್ತಿರುತ್ತದೆ.

ಇಷ್ಟೆಲ್ಲ ಹೊಂದಿದರೂ, ಇದಕ್ಕೋಸ್ಕರವೇ ಹೊಸ ಪಿಸಿ ಕೊಳ್ಳಿ ಅಂತ ನಾನು ಹೇಳಲಾರೆ. ಇಂಟೆಲ್‌ಗೆ ಬರುವ ಕೊನೆಯ ಮ್ಯಾಕ್‌ಒಎಸ್ 26ನೇ ಆವೃತ್ತಿ ‘ತಾಹೋ’ ಅಂತ ಆಪಲ್ 2025ರಲ್ಲೇ ಹೇಳಿಬಿಟ್ಟಿದೆ. ಹೊಸ ಎಕ್ಸ್‌ಕೋಡ್ ಬಂದಾಗೆಲ್ಲ ಹೊಸ ಮ್ಯಾಕ್‌ಒಎಸ್ ಕೇಳುತ್ತಾ ಹೋಗುತ್ತದೆ. ನಿಮ್ಮ ಮಗಳು ಓದು ಮುಗಿಸುವ ಹೊತ್ತಿಗೆ ಈ ಪಿಸಿ ಹಿಂದೆ ಉಳಿದಿರುತ್ತದೆ. ಇನ್ನೊಂದು ಮಾತು. ಮ್ಯಾಕ್‌ಒಎಸ್‌ನ ಲೈಸೆನ್ಸ್ ಇರುವುದು ಆಪಲ್ ಕಂಪ್ಯೂಟರ್‌ಗಳಿಗೆ ಮಾತ್ರ. ಹೀಗೆ ಪಿಸಿ ಮಾಡಿ ಮಾರುತ್ತಿದ್ದ ಸೈಸ್ಟಾರ್ ಕಂಪನಿ ಮೇಲೆ ಆಪಲ್ 2008ರಲ್ಲಿ ಕೇಸ್ ಹಾಕಿ ಗೆದ್ದಿತ್ತು.

ಮಾನಿಟರ್, ಕೀಬೋರ್ಡ್ ಮನೆಯಲ್ಲಿದ್ದರೆ ಮ್ಯಾಕ್ ಮಿನಿ ನೋಡಿ. ಎಂ4 ಚಿಪ್, 16 ಜಿಬಿ ಮೆಮೊರಿಯ ಮಾದರಿ 2024ರಲ್ಲಿ ಇಲ್ಲಿಗೆ ಬಂದಾಗ 59,900 ರೂಪಾಯಿ ಇತ್ತು. ಈಗಿನ ಬೆಲೆಯನ್ನು ಆ ಕೊಟೇಶನ್ ಪಕ್ಕ ಇಟ್ಟು ನೋಡಿ. ದುಡ್ಡು ಹೊಂದಿಸಲು ನಾಲ್ಕು ತಿಂಗಳು ಬೇಕಾದರೂ ಮಗಳು ಸುಮ್ನೆ ಕೂರಬೇಕಿಲ್ಲ. ಐಫೋನ್ ಆ್ಯಪ್ ಬರೆಯುವ ಸ್ವಿಫ್ಟ್ ಭಾಷೆ ವಿಂಡೋಸ್‌ಗೂ ಉಚಿತವಾಗಿ ಸಿಗುತ್ತದೆ. ಭಾಷೆಯನ್ನು ಇವತ್ತು ರಾತ್ರಿಯಿಂದಲೇ ಕಲಿಯಲು ಶುರು ಮಾಡಲಿ.